ರಾತ್ರಿ ಊಟವಾದ ಮೇಲಿನ ಕೆಲಸ: ಪೋರ್ನ್ ಗೀಳು ಬಿಡಲು ಸೇವೆ ಹಿಡಿಯುವುದು ಹೇಗೆ

ಪೋರ್ನ್ ನೋಡುವ ಗೀಳು ಬಿಡಬೇಕು ಅಂತ ಯಾರನ್ನೇ ಕೇಳಿ, ಸಲಹೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ತಣ್ಣೀರು ಸ್ನಾನ ಮಾಡು, ಬೆಳಿಗ್ಗೆ ಓಡು, ಧ್ಯಾನ ಮಾಡು, ಮನಸ್ಸು ಗಟ್ಟಿ ಮಾಡಿಕೋ. ಇದ್ಯಾವುದೂ ಕೆಟ್ಟದ್ದಲ್ಲ. ಆದರೆ ಎಲ್ಲದರಲ್ಲೂ ಇರುವುದು ನಾನೇ. ನನ್ನ ಮೈ, ನನ್ನ ಮನಸ್ಸು, ನನ್ನ ಹಟ. ನೋಡುವಾಗಲೂ ಬಾಗಿಲು ಹಾಕಿಕೊಂಡು ಒಬ್ಬನೇ ಇದ್ದೆ, ಬಿಡುವ ಗುದ್ದಾಟದಲ್ಲೂ ಒಬ್ಬನೇ ಇದ್ದೆ. ಬೇರೆಯವರ ಕೆಲಸಕ್ಕೆ ಕೈ ಹಾಕಿದ ಮೇಲೇ ಅದು ಸಡಿಲವಾಗತೊಡಗಿದ್ದು. ಪುಣ್ಯ ಬಂತು ಅಂತಲ್ಲ. ಆ ಹೊತ್ತಿನಲ್ಲಿ ಇನ್ನೊಬ್ಬರು ನನಗಾಗಿ ಕಾಯುತ್ತಿದ್ದರು, ಅದಕ್ಕೆ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಊರು ಸಾಗರದ ಕಡೆ. ಇಲ್ಲಿ ಬಾಡಿಗೆ ರೂಮು. 2016ರಲ್ಲಿ ಜಿಯೋ ಬರುವ ತನಕ ಒಂದು ಜಿಬಿ ಡೇಟಾವನ್ನು ತಿಂಗಳಿಡೀ ಎಳೆಯುತ್ತಿದ್ದೆವು. ಆಮೇಲೆ ದಿನಕ್ಕೇ ಅಷ್ಟು ಸಿಗತೊಡಗಿತು. ಮುಂದಿನದನ್ನು ಬಿಡಿಸಿ ಹೇಳುವುದು ಬೇಡ, ಈ ಬರಹ ಓದುತ್ತಿರುವವರಿಗೆ ಅದು ಗೊತ್ತಿದ್ದದ್ದೇ.

ಆದರೂ ಶುರು ಮಾಡುವ ಮುಂಚೆ ಒಂದು ಮಾತು ಹೇಳಬೇಕು. ನೋಡುವವರೆಲ್ಲ ಗೀಳು ಹಿಡಿದವರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹಿಡಿತ ತಪ್ಪಿದ ಲೈಂಗಿಕ ನಡವಳಿಕೆಗೆ ಅದರಲ್ಲಿ ಜಾಗ ಕೊಟ್ಟಿದ್ದಾರೆ. ಆದರೆ ಕುಡಿತ, ಜೂಜಿನ ಸಾಲಿನಲ್ಲಿ ಕೂರಿಸಿಲ್ಲ, ತಡೆಯಲಾಗದ ತುಡಿತಗಳ ಸಾಲಿನಲ್ಲಿ ಇಟ್ಟಿದ್ದಾರೆ. ಆರು ತಿಂಗಳು ಅಥವಾ ಅದಕ್ಕೂ ಜಾಸ್ತಿ ಕಾಲದಿಂದ ಹಿಡಿತ ತಪ್ಪಿರಬೇಕು. ಅದರಿಂದ ಕೆಲಸ, ಮನೆ, ಆರೋಗ್ಯ ಕೆಡುತ್ತಿರಬೇಕು. 'ಇದು ಪಾಪ' ಅನ್ನುವ ಅಳುಕು ಒಂದೇ ಇದ್ದರೆ ಕಾಯಿಲೆ ಅನ್ನಲು ಅದು ಸಾಲದು ಅಂತಲೂ ಅದರಲ್ಲೇ ಇದೆ. ಹಾಗಾಗಿ ಎಂದೋ ಒಮ್ಮೆ ನೋಡಿ ಹೆದರಿಕೊಂಡವರು ಆರಾಮಾಗಿರಿ. ಇನ್ನೊಂದು, ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ 'ಗುಪ್ತ ಸಮಸ್ಯೆ, ನರ ದೌರ್ಬಲ್ಯ' ಅಂತ ಚೀಟಿ ಅಂಟಿಸಿ, ಲಾಡ್ಜ್ ರೂಮಿನಲ್ಲಿ ಕೂತು ಪುಡಿ ಕೊಡುವವರ ಹತ್ತಿರ ದಯವಿಟ್ಟು ಹೋಗಬೇಡಿ. ವೀರ್ಯ ಹೋದರೆ ಶಕ್ತಿ ಹೋಯಿತು ಅನ್ನುವುದು ಅವರ ವ್ಯಾಪಾರ. ನಾವು ಕಳೆದುಕೊಳ್ಳುವುದು ನಿದ್ದೆ, ಹೊತ್ತು, ಹತ್ತಿರದವರ ಜೊತೆಗಿನ ಸಲಿಗೆ.

ಹೊತ್ತು ಹಿಡಿಯಿರಿ

ಸೇವೆ ಅಂದ ತಕ್ಷಣ ಎದ್ದು ಅನಾಥಾಶ್ರಮಕ್ಕೆ ಹೊರಡಬೇಡಿ. ಮೊದಲ ಕೆಲಸ ಒಂದು ಸಣ್ಣ ನೋಟ್‌ಬುಕ್ಕಿನದು. ಒಂದು ವಾರ, ನೋಡಬೇಕು ಅನ್ನಿಸಿದಾಗಲೆಲ್ಲ ಮೂರು ವಿಷಯ ಬರೆಯಿರಿ. ಗಂಟೆ ಎಷ್ಟು, ಎಲ್ಲಿದ್ದೆ, ಅದಕ್ಕೆ ಹತ್ತು ನಿಮಿಷ ಮುಂಚೆ ಏನಾಗಿತ್ತು. ಏನು ನೋಡಿದೆ ಅಂತ ಬರೆಯುವುದು ಬೇಡ, ಅದರಿಂದ ಉಪಯೋಗವಿಲ್ಲ.

ಮೂರನೆಯದು ಮುಖ್ಯ. ಕುಡಿತ ಬಿಟ್ಟವರ ಗುಂಪುಗಳಲ್ಲಿ ಒಂದು ರೂಢಿ ಇದೆ: ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದು ಇದೆ ಅಂತ ನೋಡಿಕೊಳ್ಳುವುದು. ನನ್ನ ನೋಟ್‌ಬುಕ್ಕಿನಲ್ಲಿ ಪದೇ ಪದೇ ಬಂದದ್ದು ಒಂದೇ ಸಾಲು: ರಾತ್ರಿ ಊಟ ಆಗಿದೆ, ಮಂಡಿಯಲ್ಲಿ ಮಾತು ಕೇಳಿದ್ದೇನೆ, ರೂಮಿನಲ್ಲಿ ಯಾರೂ ಇಲ್ಲ. ಕೊಯ್ಲಿನ ಕಾಲದಲ್ಲಿ ಮಂಡಿ ತುಂಬಿ ತುಳುಕುವಾಗ ಕಡಿಮೆ. ಮಳೆಗಾಲದಲ್ಲಿ ವ್ಯಾಪಾರ ತಣ್ಣಗಾದಾಗ ಜಾಸ್ತಿ. ಆಸೆ ಅಂದುಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಮ್ನೆ ಬೇಸರ, ಅಷ್ಟೇ.

ನಿಮ್ಮದು ಬೇರೆ ಇರಬಹುದು. ಪಿಜಿಯಲ್ಲಿರುವ ಹುಡುಗರಿಗೆ ಭಾನುವಾರ ಮಧ್ಯಾಹ್ನ ಕಷ್ಟ. ಮದುವೆಯಾದವರಿಗೆ ಹೆಂಡತಿ ತವರಿಗೆ ಹೋದ ವಾರ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರಿಗೆ ಎರಡು ಮೀಟಿಂಗುಗಳ ನಡುವಿನ ಹೊತ್ತು. ಸೇವೆಯನ್ನು ಆ ಗಂಟೆಗೇ ತಂದು ಕೂರಿಸಬೇಕು. ರಾತ್ರಿ ಹತ್ತಕ್ಕೆ ಕಷ್ಟಪಡುವವನು ಬೆಳಿಗ್ಗೆ ಆರಕ್ಕೆ ಕೆರೆ ಸ್ವಚ್ಛ ಮಾಡಿ ಬಂದರೆ ಕೆರೆಗೆ ಒಳ್ಳೆಯದು, ಅವನಿಗೆ ಏನೂ ಆಗುವುದಿಲ್ಲ.

ಎಂಥ ಸೇವೆ

ನನ್ನ ಲೆಕ್ಕ ಒರಟು. ಹೇಳಿದ ಹೊತ್ತಿಗೆ ಹೋಗಲೇಬೇಕಾದ ಕೆಲಸ ಇರಬೇಕು. ನೀವು ಹೋಗದಿದ್ದರೆ ಯಾರಾದರೂ ಒಬ್ಬರಿಗೆ ನಿಜವಾಗಿ ತೊಂದರೆ ಆಗಬೇಕು. ಕೈಗೆ ಕೆಲಸ ಇರಬೇಕು, ಮೊಬೈಲ್ ಜೇಬಿನಲ್ಲೇ ಇರುವಂತಾಗಬೇಕು. ಮುಗಿಸಿ ಬಂದಾಗ ಮೈ ಸ್ವಲ್ಪ ದಣಿದಿರಬೇಕು.

ಈ ಲೆಕ್ಕಕ್ಕೆ ಹಿಡಿದರೆ ಸೇವೆ ಅಂತ ಹೆಸರಾದ ಎಷ್ಟೋ ಕೆಲಸ ಬಿದ್ದುಹೋಗುತ್ತವೆ. ರಕ್ತದಾನ ದೊಡ್ಡ ಕೆಲಸ, ಆದರೆ ಗಂಡಸರು ಕೊಡಬಹುದಾದದ್ದು ಮೂರು ತಿಂಗಳಿಗೊಮ್ಮೆ. ಉಳಿದ ದಿನ ಏನು ಮಾಡುತ್ತೀರಿ? ಜೂನ್ ಐದಕ್ಕೆ ಗಿಡ ನೆಡುವುದು ಒಂದು ದಿನದ ಮಾತು. ಆನ್‌ಲೈನಿನಲ್ಲಿ ದುಡ್ಡು ಕಳಿಸುವುದಂತೂ ಅದೇ ಮೊಬೈಲಿನ ಕೆಲಸ. ಬಾಳೆಹಣ್ಣು ಹಂಚಿ ಫೋಟೋ ಹಾಕುವ ಗುಂಪುಗಳನ್ನು ನಾನು ದೂರ ಇಡುತ್ತೇನೆ. ಅಲ್ಲಿ ಹೊಗಳಿಕೆಗೆ ಕಾಯುವುದು ಅಭ್ಯಾಸವಾಗುತ್ತದೆ, ರಾತ್ರಿ ಮಲಗಿ ಲೈಕು ಎಣಿಸುತ್ತಾ ಹೋದರೆ ಬೆರಳು ಮತ್ತೆ ಹಳೇ ದಾರಿ ಹಿಡಿಯುತ್ತದೆ.

ನನಗೆ ಒಗ್ಗಿದ್ದು ದೊಡ್ಡಾಸ್ಪತ್ರೆ. ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೆ ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆಯಿಂದ ಜನ ಬರುತ್ತಾರೆ. ಒಳಗಿರುವ ರೋಗಿಯನ್ನು ನೋಡಿಕೊಳ್ಳಲು ಡಾಕ್ಟರು, ಸಿಸ್ಟರ್ ಇರುತ್ತಾರೆ. ಜೊತೆಗೆ ಬಂದವರನ್ನು ನೋಡುವವರು ಯಾರೂ ಇಲ್ಲ. ವರಾಂಡದಲ್ಲಿ ಟವೆಲ್ ಹಾಸಿ ಮಲಗುತ್ತಾರೆ. ಬೆಳಿಗ್ಗೆ ಚೀಟಿ ಮಾಡಿಸುವ ಸಾಲು ಎಲ್ಲಿ, ಬಿಸಿನೀರು ಎಲ್ಲಿ ಸಿಗುತ್ತದೆ, ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದು ಏನು, ಜನೌಷಧಿ ಅಂಗಡಿ ಯಾವ ಕಡೆ, ಏನೂ ಗೊತ್ತಿರುವುದಿಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ ಅಂತ ಕೇಳಿರುತ್ತಾರೆ, ಆದರೆ ರೇಷನ್ ಕಾರ್ಡು ಊರಿನ ಪೆಟ್ಟಿಗೆಯಲ್ಲಿ ಇರುತ್ತದೆ. ಹೃದಯದ ತೊಂದರೆಗೆ ಬೆಂಗಳೂರಿನ ಜಯದೇವಕ್ಕೆ, ಕ್ಯಾನ್ಸರಿಗೆ ಕಿದ್ವಾಯಿಗೆ ಬರೆದುಕೊಟ್ಟರೆ ಅಲ್ಲಿ ಇಳಿದು ಎಲ್ಲಿಗೆ ಹೋಗಬೇಕು ಅನ್ನುವುದೇ ಅವರಿಗೆ ಮೊದಲ ಗಾಬರಿ.

ನಾನು ಮೊದಲು ಹೋದದ್ದು ಗಂಜಿ ಹಂಚುವ ಒಂದು ಸಣ್ಣ ಗುಂಪಿನ ಜೊತೆ. ಗಂಜಿ ಖಾಲಿಯಾಗಿ ಎಲ್ಲರೂ ಹೊರಟಾಗ ಒಬ್ಬ ಅಜ್ಜ ಕರೆದು, "ತಮ್ಮಾ, ಒಂದು ಅರ್ಧ ತಾಸು ನನ್ನ ಮಗನ ಹತ್ರ ಕೂರ್ತೀಯ? ಬೆಳಿಗ್ಗೆಯಿಂದ ಹೊರಗೆ ಹೋಗಿಲ್ಲ" ಅಂದರು. ಕೂತೆ. ಮಗ ಅಂದರೆ ನನಗಿಂತ ದೊಡ್ಡವನು, ಮರದಿಂದ ಬಿದ್ದು ಸೊಂಟ ಮುರಿದಿತ್ತು. ಮಾತು ಹೆಚ್ಚೇನೂ ಆಗಲಿಲ್ಲ. ಅಡಿಕೆ ರೇಟು ಕೇಳಿದ, ಹೇಳಿದೆ. ಅಜ್ಜ ವಾಪಸು ಬಂದು, "ನಾಳೆನೂ ಬರ್ತೀಯಲ್ಲ?" ಅಂದರು. ಬರುತ್ತೇನೆ ಅಂದುಬಿಟ್ಟೆ. ಮಾರನೇ ದಿನ ರೂಮಿನಲ್ಲಿ ಊಟ ಮಾಡಿ ಕೈ ತೊಳೆಯುವಾಗ ಮಾಮೂಲಿನಂತೆ ಮನಸ್ಸು ಎಳೆಯಿತು. ಜೊತೆಗೇ, ಅಜ್ಜ ಊಟಕ್ಕೆ ಹೋಗದೆ ಕಾಯುತ್ತಿರುತ್ತಾರೆ ಅಂತಲೂ ನೆನಪಾಯಿತು. ಚಪ್ಪಲಿ ಹಾಕಿಕೊಂಡು ಹೊರಟೆ. ಎಷ್ಟೋ ಸಲ ಮಾಡಿದ ಆಣೆ, ಪ್ರಮಾಣ ಯಾವುದಕ್ಕೂ ಇಲ್ಲದ ಬಲ ಆ ಒಂದು ಮಾತಿಗೆ ಇತ್ತು.

ಆಸ್ಪತ್ರೆಗೆ ಹೋಗುವವರಿಗೆ ಕೆಲವು ನಿಯಮ. ತಾವೇ ತಾವಾಗಿ ವಾರ್ಡಿಗೆ ನುಗ್ಗಬೇಡಿ. ಈಗಾಗಲೇ ಅನುಮತಿ ಪಡೆದು ಕೆಲಸ ಮಾಡುತ್ತಿರುವ ಗುಂಪು ಹುಡುಕಿ, ಇಲ್ಲವೇ ಆಸ್ಪತ್ರೆಯ ಕಚೇರಿಯಲ್ಲಿ ಹೆಸರು ಬರೆಸಿ. ವಾರ್ಡಿನ ಸಿಸ್ಟರ್ ಬೇಡ ಅಂದರೆ ಬೇಡ. ಔಷಧದ ಬಗ್ಗೆ ಬುದ್ಧಿ ಹೇಳಬೇಡಿ, ಚೀಟಿಯಲ್ಲಿ ಬರೆದದ್ದನ್ನು ಓದಿ ಹೇಳಿ ಸಾಕು. ಹಣ ಕೈಗೆ ಕೊಡಬೇಡಿ, ಮಾತ್ರೆಯನ್ನೇ ತಂದುಕೊಡಿ. ಗಂಡಸರು ಹೆಂಗಸರ ವಾರ್ಡಿನ ಕಡೆ ಹೋಗುವುದು ಬೇಡ.

ನಿಮ್ಮೂರಿನಲ್ಲಿ ಆಸ್ಪತ್ರೆ ಇಲ್ಲದಿರಬಹುದು, ಆಸ್ಪತ್ರೆ ವಾಸನೆಯೇ ಆಗದಿರಬಹುದು. ತುಮಕೂರಿನವರಿಗೆ ಸಿದ್ಧಗಂಗಾ ಮಠದ ದಾಸೋಹ ಹೇಳಿಕೊಡಬೇಕಾಗಿಲ್ಲ. ದಿನವೂ ಅನ್ನ ಹಾಕುವ ಮಠ, ದೇವಸ್ಥಾನ, ಗುರುದ್ವಾರ ಯಾವುದಾದರೂ ಆದೀತು. ಬಡಿಸಲು ಜನ ಮುಗಿಬೀಳುತ್ತಾರೆ. ನೀವು ಪಾತ್ರೆ ತೊಳೆಯುವ ಕಡೆ ಹೋಗಿ. ಅಲ್ಲಿ ಸದಾ ಕೈ ಕಮ್ಮಿ, ಕೈ ಒದ್ದೆಯಾಗಿರುವುದರಿಂದ ಮೊಬೈಲೂ ಮುಟ್ಟಲಾಗದು. ಹಳ್ಳಿಯಲ್ಲಿ, ಮಕ್ಕಳು ಬೆಂಗಳೂರು ಸೇರಿ ಒಂಟಿಯಾಗಿ ಉಳಿದ ಗಂಡಹೆಂಡತಿ ಪ್ರತಿ ಕೇರಿಯಲ್ಲೂ ಇದ್ದಾರೆ. ರಾತ್ರಿ ಒಂದು ಸಲ ಹೋಗಿ ಮಾತ್ರೆ ತಗೊಂಡರಾ ಅಂತ ವಿಚಾರಿಸಿ, ಕೊಟ್ಟಿಗೆ ಬಾಗಿಲು ಹಾಕಿ ಬರುವುದೂ ಸೇವೆಯೇ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವವರು ಬೇಕಾಗುತ್ತಾರೆ. ಬರೆಯುವವರ ಓದು ಪರೀಕ್ಷೆ ತೆಗೆದುಕೊಳ್ಳುವವರಿಗಿಂತ ಕೆಳಗಿನ ಮಟ್ಟದ್ದಾಗಿರಬೇಕು ಅನ್ನುವಂಥ ನಿಯಮಗಳಿರುತ್ತವೆ, ಮೊದಲೇ ಕೇಳಿಕೊಳ್ಳಿ. ಅವರಿಗೆ ಪಾಠದ ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುವುದೂ ಬಹಳ ಬೇಕಾದ ಕೆಲಸ. ಆದರೆ ಅದು ಅದೇ ರೂಮು, ಅದೇ ಮೊಬೈಲು. ಶುರುವಿಗೆ ಬೇಡ, ಕೆಲವು ತಿಂಗಳು ಹೊರಗೆ ತಿರುಗಿ ಗಟ್ಟಿಯಾದ ಮೇಲೆ ನೋಡಿ.

ಇನ್ನು ಎಲ್ಲಕ್ಕಿಂತ ಹತ್ತಿರದ್ದು ಮನೆ. ಊರ ಸೇವೆಗೆ ಟೀ ಶರ್ಟ್ ಹಾಕಿ ಹೊರಡುವ ಎಷ್ಟೋ ಗಂಡಸರ ಮನೆಯಲ್ಲಿ ರಾತ್ರಿ ಹತ್ತಕ್ಕೆ ಅಮ್ಮನೋ ಹೆಂಡತಿಯೋ ಸಿಂಕಿನ ಮುಂದೆ ನಿಂತಿರುತ್ತಾರೆ. ಆ ಹೊತ್ತಿನ ಪಾತ್ರೆ ನಿಮ್ಮದು ಅಂತ ಮಾಡಿಕೊಂಡರೆ ನನ್ನ ಲೆಕ್ಕದ ಎಲ್ಲ ಷರತ್ತೂ ಅಲ್ಲೇ ಮುಗಿಯುತ್ತವೆ.

ಇದು ಕೆಲಸ ಮಾಡುವುದು ಯಾಕೆ

ಇದನ್ನು ಕಂಡುಹಿಡಿದವನು ನಾನಲ್ಲ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಅನ್ನುವ ನ್ಯೂಯಾರ್ಕಿನ ಷೇರು ವ್ಯವಹಾರದ ಮನುಷ್ಯ ಅಮೆರಿಕದ ಅಕ್ರನ್ ಊರಿಗೆ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು, ಕೈಯಲ್ಲಿ ದುಡ್ಡಿಲ್ಲ, ಹೋಟೆಲಿನಲ್ಲಿ ಒಬ್ಬನೇ, ಎದುರಿಗೇ ಬಾರು. ಅದಕ್ಕೂ ಮುಂಚೆ ನ್ಯೂಯಾರ್ಕಿನಲ್ಲಿ ಹಲವು ಕುಡುಕರನ್ನು ಸರಿ ಮಾಡಲು ಓಡಾಡಿದ್ದ. ಅವರಲ್ಲಿ ಯಾರೂ ಬಿಟ್ಟಿರಲಿಲ್ಲ, ಓಡಾಡಿದ ಇವನು ಮಾತ್ರ ಕುಡಿಯದೆ ಉಳಿದಿದ್ದ. ಅದು ನೆನಪಾಗಿ, ಊರಿನ ಚರ್ಚುಗಳಿಗೆ ಫೋನು ಹಚ್ಚಿ, ನೆರವು ಬೇಕಾದ ಕುಡುಕ ಯಾರಾದರೂ ಇದ್ದಾರಾ ಅಂತ ಹುಡುಕಿದ. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಅವರು ಕುಡಿತ ಬಿಟ್ಟ 1935ರ ಜೂನ್ 10ನ್ನೇ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪು ಹುಟ್ಟಿದ ದಿನ ಅನ್ನುತ್ತಾರೆ. ಆ ಗುಂಪಿನ ಹನ್ನೆರಡು ಹೆಜ್ಜೆಗಳಲ್ಲಿ ಕೊನೆಯದು ಇನ್ನೊಬ್ಬನಿಗೆ ನೆರವಾಗುವುದು. ಇದೇ ದಾರಿಯಲ್ಲಿ ಲೈಂಗಿಕ ಗೀಳಿಗೂ ಗುಂಪುಗಳಿವೆ.

2004ರಲ್ಲಿ, ಕುಡಿತದ ಚಿಕಿತ್ಸೆಯ ಬಗ್ಗೆ ಅಮೆರಿಕದಲ್ಲಿ ನಡೆದಿದ್ದ ಪ್ರಾಜೆಕ್ಟ್ ಮ್ಯಾಚ್ ಅನ್ನುವ ಅಧ್ಯಯನದ ಮಾಹಿತಿ ಇಟ್ಟುಕೊಂಡು ಒಂದು ಲೆಕ್ಕ ಹಾಕಿದರು. ಬೇರೆ ಕುಡುಕರಿಗೆ ನೆರವಾಗುತ್ತಿದ್ದವರಲ್ಲಿ ನೂರಕ್ಕೆ 40 ಜನ ಚಿಕಿತ್ಸೆ ಮುಗಿದ ಮೇಲೆ ಒಂದು ವರ್ಷ ಕುಡಿಯದೆ ಇದ್ದರು. ನೆರವಾಗದವರಲ್ಲಿ 22. ಇದು ಮದ್ಯದ ಲೆಕ್ಕ, ಪೋರ್ನಿನದ್ದಲ್ಲ. ಅಲ್ಲದೆ 40 ಅಂದರೆ ಉಳಿದ 60 ಜನ ನೆರವಾಗುತ್ತಲೇ ಕುಡಿದರು ಅಂತಲೂ ಆಯಿತು. ಸೇವೆಯೊಂದೇ ಸಾಕು ಅಂತ ನಾನು ಹೇಳದಿರುವುದು ಅದಕ್ಕೇ.

ಹೊರಗೆ ಹೋಗಲಾಗದ ಹೊತ್ತು

ರಾತ್ರಿ ಹನ್ನೆರಡಕ್ಕೆ ಎಚ್ಚರವಾಗುತ್ತದೆ. ಆಸ್ಪತ್ರೆಯೂ ಇಲ್ಲ, ಅಜ್ಜನೂ ಇಲ್ಲ. ಆಗ ತಿಳಿದಿರಬೇಕಾದದ್ದು ಇಷ್ಟು: ತುಡಿತ ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಅದರ ಜೊತೆ ವಾದಕ್ಕೆ ಕೂತರೆ ಉದ್ದವಾಗುತ್ತದೆ. ಎದ್ದು ದೀಪ ಹಾಕಿ, ಬೇರೆಯವರಿಗೆ ಉಪಯೋಗವಾಗುವ ಒಂದು ಸಣ್ಣ ಕೆಲಸ ಮಾಡಿ. ಹಾಗೆ ಮಾಡಬಹುದಾದ ಕೆಲಸಗಳ ಪಟ್ಟಿ ಹಗಲಲ್ಲೇ ಬರೆದು ಗೋಡೆಗೆ ಅಂಟಿಸಿರಬೇಕು, ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ನನ್ನ ಪಟ್ಟಿಯಲ್ಲಿ ಇರುವುದು: ವಠಾರದ ಸಂಪಿನಿಂದ ಎಲ್ಲರ ಬಕೆಟ್ ತುಂಬುವುದು, ಮೆಟ್ಟಿಲು ಗುಡಿಸುವುದು, ಬೇರೆಯವರು ನಾಳೆ ಕೊಡಬೇಕಾದ ಅರ್ಜಿಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದಿಡುವುದು. ಮಧ್ಯರಾತ್ರಿ ಬಕೆಟ್ ತುಂಬುವುದನ್ನು ನೋಡಿ ಪಕ್ಕದ ಮನೆಯವರು "ಎಂಥ ಮಾರಾಯ ಇದು" ಅಂದದ್ದೂ ಉಂಟು. ಅನ್ನಲಿ ಬಿಡಿ.

ಮೊಬೈಲಿನ ಬಗ್ಗೆ ಚಿಕ್ಕದಾಗಿ. ಚಾರ್ಜರ್ ರೂಮಿನ ಹೊರಗೆ ಇರಲಿ. ಎಬ್ಬಿಸಲು ಅಲಾರಂ ಗಡಿಯಾರ ತಗೊಳ್ಳಿ. ಮನೆಯ ವೈಫೈ ರೂಟರಿನಲ್ಲಿ ಡಿಎನ್‌ಎಸ್ (ತಾಣಗಳ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಅಂತಿರುವ ಜಾಗಕ್ಕೆ 1.1.1.3 ಹಾಕಿದರೆ ಕ್ಲೌಡ್‌ಫ್ಲೇರಿನ ಉಚಿತ ಫಿಲ್ಟರ್ ಇಂಥ ತಾಣಗಳನ್ನು ತಡೆಯುತ್ತದೆ. ಬೇಲಿ ಹಾರುವುದು ನಮಗೆಲ್ಲ ಗೊತ್ತು. ಆದರೆ ಹಾರಲು ಬೇಕಾದ ಆ ಎರಡು ನಿಮಿಷದಲ್ಲಿ ಮನಸ್ಸು ಬದಲಾಗುವುದೂ ಉಂಟು.

ಎಡವಿದರೆ, ಮತ್ತು ಎಚ್ಚರಿಕೆಗಳು

ಒಂದು ರಾತ್ರಿ ನೋಡಿಬಿಡುತ್ತೀರಿ. ಮರುದಿನ 'ನಾನು ಯಾವ ಮುಖ ಇಟ್ಟುಕೊಂಡು ಹೋಗಲಿ' ಅನ್ನಿಸುತ್ತದೆ. ಅದೇ ಮುಖ ಇಟ್ಟುಕೊಂಡು ಹೋಗಿ. ಗಂಜಿ ತಿನ್ನುವವರಿಗೆ ಬೇಕಾದದ್ದು ಗಂಜಿ, ನಿಮ್ಮ ಶುದ್ಧಿಯಲ್ಲ. ಹಾಗಂತ ಮರುದಿನ ಎರಡು ಪಟ್ಟು ಸೇವೆ ಮಾಡುವುದೂ ಬೇಡ. ಹಾಗೆ ಮಾಡಿದರೆ ಅದು ದಂಡ ಕಟ್ಟಿದಂತಾಗುತ್ತದೆ. ದಂಡ ಕಟ್ಟಿದ ಮೇಲೆ ಮತ್ತೆ ನೋಡಬಹುದು ಅಂತ ಮನಸ್ಸು ಲೆಕ್ಕ ಹಾಕಲು ಕಲಿಯುತ್ತದೆ. ದಿನದ ಅಳತೆ ದಿನಕ್ಕೆ, ಅಷ್ಟೇ.

ಒಬ್ಬರಿಗಾದರೂ ವಿಷಯ ಹೇಳಿರಬೇಕು. ಸೇವೆ ಮಾಡುವ ಕಡೆ ಎಲ್ಲರೆದುರು ಹೇಳಿಕೊಳ್ಳುವ ಅಗತ್ಯವಿಲ್ಲ, ಅದು ಕೇಳುವವರಿಗೂ ಹಿಂಸೆ. ನಂಬಿಕೆಯ ಒಬ್ಬ ಗೆಳೆಯ, ಅಣ್ಣ, ಕೌನ್ಸೆಲರ್ ಸಾಕು. ನಾನು ಹೇಳಿದ್ದು ಗಂಜಿ ಗುಂಪಿನ ಹಿರಿಯರೊಬ್ಬರಿಗೆ. ಅವರು ಗಾಬರಿಯಾಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ನಾಳೆಯಿಂದ ಪಾತ್ರೆ ಗಾಡಿಗೆ ಹಾಕುವುದು ನಿನ್ನ ಜವಾಬ್ದಾರಿ" ಅಂದರು.

ಹೆಂಡತಿಗೆ ಗೊತ್ತಾಗಿ ನೊಂದಿದ್ದರೆ ಸೇವೆಯನ್ನು ಗುರಾಣಿ ಮಾಡಿಕೊಳ್ಳಬೇಡಿ. 'ನೋಡು, ನಾನೀಗ ಎಷ್ಟು ಒಳ್ಳೆಯವನು' ಅಂತ ತೋರಿಸಲು ಹೊರಗೆ ಓಡಾಡಿದರೆ ಅವರ ಪಾಲಿಗೆ ನೀವು ಮತ್ತೆ ಮನೆಯಲ್ಲಿ ಇಲ್ಲ. ಎಷ್ಟು ದಿನ ಸಿಟ್ಟಿರಬೇಕು ಅನ್ನುವುದು ಅವರಿಗೆ ಬಿಟ್ಟದ್ದು.

ಮಕ್ಕಳ ವಿಷಯದಲ್ಲಿ ನನ್ನದು ಗಟ್ಟಿ ಮಾತು. ಗೀಳು ಬಿಡುತ್ತಿರುವ ಕಾಲದಲ್ಲಿ ಮಕ್ಕಳ ಹಾಸ್ಟೆಲ್, ಟ್ಯೂಷನ್, ಅನಾಥಾಲಯ ಬೇಡ. ಬೇರೆ ಸೇವೆಗೇನು ಬರವಿಲ್ಲ. ಮಕ್ಕಳಿರುವ ಅಶ್ಲೀಲ ವಿಡಿಯೋಗಳ ಕಡೆ ಮನಸ್ಸು ಹೋಗುತ್ತಿದ್ದರೆ ಈ ಬರಹ ನಿಮಗಲ್ಲ. ಅಂಥದ್ದನ್ನು ನೋಡುವುದು, ಇಟ್ಟುಕೊಳ್ಳುವುದು ಅಪರಾಧ ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟ ಮಾಡಿದೆ. ತಡ ಮಾಡದೆ ಮನೋವೈದ್ಯರನ್ನು ನೋಡಿ.

ಉಳಿದವರೂ, ನಿದ್ದೆ ಪೂರ್ತಿ ಕೆಟ್ಟಿದ್ದರೆ, ಕೆಲಸ ಹೋಗುವಂತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಸೇವೆ ಸರಿಮಾಡಲಿ ಅಂತ ಕಾಯಬೇಡಿ. ಗೀಳಿನ ಹಿಂದೆ ಖಿನ್ನತೆ ಇದ್ದರೆ ಅದಕ್ಕೆ ಔಷಧ ಬೇಕಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಬಳಕೆ ಕೈಮೀರಿದವರಿಗೆಂದೇ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮಾತು ಹೇಗೆ ಶುರು ಮಾಡಲಿ ಅಂತ ತೋಚದಿದ್ದರೆ, "ಮೊಬೈಲಲ್ಲಿ ಕೆಟ್ಟ ವಿಡಿಯೋ ನೋಡುವುದು ಬಿಡಲಾಗುತ್ತಿಲ್ಲ" ಅನ್ನಿ. ಮುಂದಿನದನ್ನು ಅವರೇ ಕೇಳುತ್ತಾರೆ.